ಗಡಿ ದಾಟಿದ ಜಯಪತ್ರ

ನಮ್ಮ ಧರ್ಮಶಾಸ್ತ್ರಕಾರರು ಪ್ರತಿವಾದಿಯು ಸಭೆಯಲ್ಲಿ ಕೊಡಬಹುದಾದ ಉತ್ತರಗಳನ್ನು ನಾಲ್ಕು ವಿಧವಾಗಿ ವಿಂಗಡಿಸಿರುವರು. ವಾದಿಯು ಹೇಳಿದ್ದನ್ನು ಒಪ್ಪಿಕೊಳ್ಳುವದು ಮೊದಲನೆಯದು. ಅದು ಸುಳ್ಳೆಂದು ನಿರಾಕರಿಸುವದು ಎರಡನೆಯದು. ಸಂಗತಿಯನ್ನು ಒಪ್ಪಿಕೊಂಡೂ ಬೇರೊಂದು ಕಾರಣವನ್ನು ಮುಂದಿಟ್ಟು ಹೊಣೆಯಿಂದ ಪಾರಾಗುವದು ಮೂರನೆಯದು. 'ಈ ವ್ಯಾಜ್ಯವು ಹಿಂದೆಯೇ ತೀರಿರುವದು. ಇವನು ಅದರಲ್ಲಿ ಸೋತಿರುವನು' ಎಂದು ಹೇಳುವದು ನಾಲ್ಕನೆಯದು. ಈ ಕಡೆಯ ಉತ್ತರಕ್ಕೆ ಪ್ರಾಙ್ನ್ಯಾಯವೆಂದು ಹೆಸರು. ಹಾಗೆ ಹೇಳುವವನ ಮೇಲೆಯೇ ಅದನ್ನು ಸಾಧಿಸಿ ತೋರಿಸುವ ಭಾರವಿರುವದು. ಹಿಂದಿನ ಸಭೆಯು ಗೆದ್ದವನಿಗೆ ಕೊಟ್ಟ ಜಯಪತ್ರವು ಅವನ ಮುಖ್ಯ ಸಾಧನ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕನ್ನಡ ನಾಡಿನ ಕಲ್ಯಾಣದಲ್ಲಿದ್ದುಕೊಂಡು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಈ ನಾಲ್ಕು ಉತ್ತರಗಳ ಲಕ್ಷಣಗಳನ್ನು ವಿಸ್ತಾರವಾಗಿ ವಿಚಾರಿಸಿರುವನು.

ಇಷ್ಟಾದರೂ ಒಂದು ಪ್ರಶ್ನೆಯು ಉಳಿಯುವದು. ಒಬ್ಬ ಅರಸನ ಸಭೆಯಲ್ಲಿ ಪಡೆದ ಜಯಪತ್ರವು ಇನ್ನೊಬ್ಬ ಅರಸನ ಸಭೆಯಲ್ಲಿ ನಡೆಯುವದೆ? ಬೇರೆ ಸೀಮೆಗಳ ಪಂಡಿತರಿಗೆ ಇದು ತರ್ಕದ ಮಾತಾಗಿರಬಹುದು. ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಜನರಿಗಾದರೋ ಇದು ಒಂದು ನೂರು ವರುಷಗಳ ವರೆಗೆ ಸಂತೆ-ಪೇಟೆಗಳ ನಿತ್ಯದ ಪ್ರಶ್ನೆಯಾಗಿದ್ದಿತು. ಆ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಬೇಕೆಂದಿರುವೆನು.

ಈ ಐದು ಸ್ಥಳಗಳು ಈಗ ಒಂದೇ ಜಿಲ್ಹೆಯೊಳಗೆ ಇರುವದರಿಂದ, ಇವು ಹಿಂದೆ ಹೇಗೆ ಹರಿದು ಹಂಚಿಹೋಗಿದ್ದವೆಂಬುದು ಎಳೆಯರಿಗೆ ಊಹಿಸಲಿಕ್ಕೂ ಕಷ್ಟವಾಗುವದು. ಪೇಶವಾಯಿಯು ಮುಳುಗಿದಾಗ ಇಂಗ್ಲೀಷರು ಚಿಕ್ಕೋಡಿ ಮತ್ತು ಮನೋಳಿ ಪ್ರಾಂತಗಳನ್ನು ಕೊಲ್ಹಾಪುರದ ಮಹಾರಾಜರಿಗೆ ಕೊಟ್ಟರು. ೧೮೨೭ರ ಕರಾರಿನಿಂದ ಅವುಗಳನ್ನು ಮರಳಿ ತೆಗೆದುಕೊಂಡರು. ನಿಪ್ಪಾಣಿಯು ದೇಸಾಯಿ ಸಿದ್ಧೋಜಿರಾವ ನಿಂಬಾಳಕರರ ಕೈಯಲ್ಲಿದ್ದು, ಅವರ ತರುವಾಯ ೧೮೩೯ರಲ್ಲಿ ವಾರಸಿಲ್ಲವೆಂಬ ಕಾರಣದಿಂದ ಕಂಪನಿ ಸರಕಾರಕ್ಕೆ ಸೇರಿತು. ಕಾಗವಾಡ, ಶೇಡಬಾಳಗಳು ಪಟವರ್ಧನ ಮನೆತನದ ಕವಲುಗಳಿಗೆ ಸೇರಿದ್ದು, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅದೇ ರೀತಿಯಿಂದ ಖಾಲಸಾ ಆದವು. ಅಥಣಿಯು ಬೆಳಗಾವಿ ಜಿಲ್ಹೆಯ ಖಾಲಸಾ ತಾಲೂಕು. ಆದರೆ ಅಥಣಿಗೂ ಚಿಕ್ಕೋಡಿಗೂ ನಡುವಿನ ರಾಯಬಾಗವು ಕೊನೆಯ ವರೆಗೆ ಕೊಲ್ಹಾಪುರ ಸಂಸ್ಥಾನದ ನೆಲವಾಗಿಯೇ ಉಳಿಯಿತು. ಸುತ್ತಲೂ ಸಾಂಗಲಿ, ಮಿರಜದ ಎರಡು ಪಾತಿಗಳು, ಕುರುಂದವಾಡದ ಎರಡು ಪಾತಿಗಳು, ಜಮಖಂಡಿ, ಜತ್ತ. ಬೆಳಗಾವಿ ಶಹರಕ್ಕೆ ಅಂಟಿಕೊಂಡಿದ್ದ ಶಹಾಪುರವೇ ಸಾಂಗಲಿಯವರದಾಗಿದ್ದಿತು. ಒಂದು ಓಣಿಯನ್ನು ದಾಟಿದರೆ ಪರರಾಜ್ಯ!

ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರಿಗೆ ಈ ಗಡಿಗಳ ಗೊತ್ತಿರಲಿಲ್ಲ. ಬೀಗತನಗಳಿಗೂ ಇರಲಿಲ್ಲ. ಚಿಕ್ಕೋಡಿಯ ಮನೆಯ ಹೆಣ್ಣು ರಾಯಬಾಗದ ಸೊಸೆ. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗೆ ಸಂಸ್ಥಾನದ ಹಳ್ಳಿಗಳಲ್ಲಿ ಉದರಿ. ಆದರೆ ಕಾಯದೆಗೆ ಮಾತ್ರ ಗೊತ್ತಿದ್ದಿತು. ರಾಯಬಾಗದ ನ್ಯಾಯಾಸನದಲ್ಲಿ ಹೊರಟ ಹುಕುಮನಾಮೆಯು ಚಿಕ್ಕೋಡಿಯ ಕೋರ್ಟಿಗೆ, ಪ್ಯಾರಿಸ್ಸಿನ ಹುಕುಮನಾಮೆಯಂತೆಯೇ, 'ಪರರಾಜ್ಯದ ತೀರ್ಪು'. ಹತ್ತು ಹರದಾರಿ ದೂರವೂ ಇರದ ಊರು, ಕಾಯದೆಯ ಕಣ್ಣಿಗೆ ಸಮುದ್ರದಾಚೆಯ ಊರು.

ಮೊದಲು ಹಣದ ವ್ಯಾಜ್ಯಗಳನ್ನು ನೋಡುವಾ. ೧೯೦೮ರ ದಿವಾಣಿ ಪ್ರಕ್ರಿಯಾ ಸಂಹಿತೆಯ ೧೩ನೆಯ ಕಲಮು ಈಗಲೂ ಜಾರಿಯಲ್ಲಿರುವದು. ಪರರಾಜ್ಯದ ತೀರ್ಪನ್ನು ಒಪ್ಪಿಕೊಳ್ಳುವದು ನಿಯಮ. ಆ ನಿಯಮಕ್ಕೆ ಆರು ಅಪವಾದಗಳು. ತೀರ್ಪು ಕೊಟ್ಟ ಕೋರ್ಟಿಗೆ ಅಧಿಕಾರವಿರದಿದ್ದರೆ, ವ್ಯಾಜ್ಯದ ಗುಣದೋಷಗಳನ್ನು ವಿಚಾರಿಸದೆ ತೀರ್ಪಾಗಿದ್ದರೆ, ಅಂತರರಾಷ್ಟ್ರೀಯ ನಿಯಮವನ್ನು ತಪ್ಪಾಗಿ ತಿಳಿದೋ ಇಲ್ಲಿಯ ಕಾಯದೆಯು ಅನ್ವಯಿಸಬೇಕಾದಲ್ಲಿ ಅದನ್ನು ಅಲ್ಲಗಳೆದೋ ತೀರ್ಪಾಗಿದ್ದರೆ, ನಡೆದ ರೀತಿಯು ನೈಸರ್ಗಿಕ ನ್ಯಾಯಕ್ಕೆ ವಿರುದ್ಧವಾಗಿದ್ದರೆ, ಮೋಸದಿಂದ ಪಡೆದುದಾಗಿದ್ದರೆ, ಇಲ್ಲವೆ ಇಲ್ಲಿಯ ಕಾಯದೆಯನ್ನು ಮುರಿದು ಹುಟ್ಟಿದ ಹಕ್ಕನ್ನು ಎತ್ತಿಹಿಡಿದಿದ್ದರೆ ಅದು ಇಲ್ಲಿ ನಿಲ್ಲದು. ಮುಂದಿನ ೧೪ನೆಯ ಕಲಮು ಜಯಪತ್ರದ ಹಳೆಯ ಗೌರವವನ್ನು ಉಳಿಸಿಕೊಂಡಿರುವದು. ತೀರ್ಪಿನ ದೃಢೀಕೃತ ನಕಲನ್ನು ತೋರಿಸಿದರೆ, ವಿರುದ್ಧವಾದದ್ದು ಸಿದ್ಧವಾಗುವ ವರೆಗೆ, ಅದು ಅಧಿಕಾರವುಳ್ಳ ಕೋರ್ಟಿನದೆಂದೇ ಭಾವಿಸತಕ್ಕದ್ದು.

ಆಗ ಸಂಸ್ಥಾನದ ಹುಕುಮನಾಮೆಯನ್ನು ಹಿಡಿದು ಬಂದ ಸಾಹುಕಾರನಿಗೆ ಎರಡು ದಾರಿಗಳಿದ್ದವು. ಸಂಹಿತೆಯ ೪೪ನೆಯ ಕಲಮಿನ ಮೇರೆಗೆ ಆ ಸಂಸ್ಥಾನದ ಕೋರ್ಟುಗಳ ಬಗ್ಗೆ ಸರಕಾರದ ಪ್ರಕಟನೆಯು ಹೊರಟಿದ್ದರೆ ಇಲ್ಲಿಯೇ ಅಮಲು ನಡೆಸಬಹುದಾಗಿದ್ದಿತು. ಇಲ್ಲವಾದರೆ ಆ ತೀರ್ಪನ್ನೇ ಆಧಾರವಾಗಿ ಹಿಡಿದು, ಆರು ವರುಷಗಳ ಮುದತಿನೊಳಗೆ ಖಾಲಸಾ ಕೋರ್ಟಿನಲ್ಲಿ ಹೊಸದಾಗಿ ದಾವೆ ಹೂಡಬೇಕಾಗಿದ್ದಿತು. ಆಗ ಪ್ರತಿವಾದಿಯು ಮೇಲಿನ ಅಪವಾದಗಳಲ್ಲಿ ಒಂದನ್ನು ಹಿಡಿದು ನಿಲ್ಲುವನು.

ಈ ವಿಷಯದಲ್ಲಿ ಇಡೀ ಹಿಂದುಸ್ಥಾನಕ್ಕೆ ಮೇಲ್ಪಂಕ್ತಿಯಾದ ತೀರ್ಪು ಪಂಜಾಬದಿಂದ ಬಂದಿತು. ಸರದಾರ ಗುರದಯಾಲಸಿಂಗನೆಂಬವನು ಫರೀದಕೋಟ ಸಂಸ್ಥಾನದಲ್ಲಿ ಐದು ವರುಷ ಖಜಾಂಚಿಯಾಗಿದ್ದು ೧೮೭೪ರಲ್ಲಿ ಆ ರಾಜ್ಯವನ್ನು ಬಿಟ್ಟು ಹೋದನು. ಕೆಲವು ವರುಷಗಳ ತರುವಾಯ ರಾಜನು ತನ್ನ ಸ್ವಂತ ಕೋರ್ಟಿನಲ್ಲಿ ಅವನ ಮೇಲೆ ದಾವೆ ಹೂಡಿ, ಅವನ ಗೈರುಹಾಜರಿಯಲ್ಲಿಯೇ ಹುಕುಮನಾಮೆ ಪಡೆದು, ಅದರ ಮೇಲಿಂದ ಲಾಹೋರದಲ್ಲಿ ಹಣ ಕೇಳಿದನು. ವ್ಯಾಜ್ಯವು ವಿಲಾಯತಿಯ ಪ್ರಿವ್ಹಿ ಕೌನ್ಸಿಲಿಗೆ ಹೋಗಿ ೧೮೯೪ರಲ್ಲಿ ನಿರ್ಣಯವಾಯಿತು. ರಾಜ್ಯವನ್ನು ಬಿಟ್ಟು ಹೋಗಿ ಆ ಕೋರ್ಟಿಗೆ ತಾನಾಗಿ ಒಳಪಡದ ಮನುಷ್ಯನ ಮೇಲೆ ಹೊರಟ ಇಂಥ ತೀರ್ಪು ಆ ರಾಜ್ಯದ ಹೊರಗೆ ಪೂರ್ಣವಾಗಿ ಶೂನ್ಯವೆಂದು ಹಿರಿಯ ನ್ಯಾಯಾಧೀಶರು ಹೇಳಿದರು. ಅರಸನ ಮುದ್ರೆಯಿದ್ದಿತು, ಎದುರಾಳಿಯ ಮಾತನ್ನು ಕೇಳಿದ್ದಿಲ್ಲ.

ಹಣದ ಮಾತಾಯಿತು. ಇನ್ನು ಮನುಷ್ಯನ ದೇಹದ ಮಾತು. ಸಂಸ್ಥಾನದಲ್ಲಿ ಅಪರಾಧ ಮಾಡಿ ಖಾಲಸಾ ನೆಲಕ್ಕೆ ಓಡಿಬಂದವನನ್ನು ಹಿಡಿದು ಒಪ್ಪಿಸುವದಕ್ಕೆ ೧೮೭೨ರಲ್ಲಿ ಒಂದು ಕಾಯದೆ, ೧೮೭೯ರಲ್ಲಿ ಇನ್ನೊಂದು, ೧೯೦೩ರಲ್ಲಿ ಹಿಂದುಸ್ಥಾನದ ಪ್ರತ್ಯರ್ಪಣ ಕಾಯದೆ, ಹೀಗೆ ಮೂರು ಕಾಯದೆಗಳಾದವು. ಜತ್ತ ಸಂಸ್ಥಾನದ ಸಿಂಧೂರ ಲಕ್ಷ್ಮಣನ ಕಥೆಯನ್ನು ನಾಟಕದಲ್ಲಿ ಕಂಡವರಿಗೆ, ಗಡಿಯು ಓಡುವವನಿಗೆ ಎಷ್ಟು ದೊಡ್ಡ ಆಸರೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಯದೆಯು ಬೇಕಾಗಿಯೇ ಇದ್ದಿತು. ಆದರೆ ಅದರ ನಡೆಯನ್ನು ವಿಚಾರಿಸಿ ನೋಡತಕ್ಕದ್ದು.

೧೯೦೩ರ ಕಾಯದೆಯ ೭ನೆಯ ಕಲಮಿನ ಮೇರೆಗೆ ಸಂಸ್ಥಾನದಲ್ಲಿಯ ಪೊಲಿಟಿಕಲ್ ಏಜಂಟರು ಜಿಲ್ಹೆಯ ಮ್ಯಾಜಿಸ್ಟ್ರೇಟರಿಗೆ ವಾರಂಟು ಬರೆದರೆ ಸಾಕು. ಮ್ಯಾಜಿಸ್ಟ್ರೇಟರು ಆರೋಪಿಯನ್ನು ಹಿಡಿಸಿ ಆಚೆಗೆ ಕಳಿಸಬೇಕು. ಆರೋಪಕ್ಕೆ ಮೇಲುನೋಟದ ಆಧಾರವಿರುವದೆಂದು ಏಜಂಟರು ಮೊದಲು ಮನಗಾಣಬೇಕೆಂದು ನಿಯಮಗಳಲ್ಲಿ ಹೇಳಿದ್ದಿತು, ನಿಜ. ಆದರೆ ಆ ತೂಕವು ನಡೆಯುತ್ತಿದ್ದುದು ಏಜಂಟರ ಕಚೇರಿಯಲ್ಲಿ, ತೆರೆದ ಕೋರ್ಟಿನಲ್ಲಿ ಅಲ್ಲ. ೧೯೧೩ರಲ್ಲಿ ೮ಅ ಎಂಬ ಕಲಮು ಸೇರಿತು. ಮ್ಯಾಜಿಸ್ಟ್ರೇಟರು ಆರೋಪಿಯ ಹೇಳಿಕೆಯನ್ನು ಬರೆದುಕೊಂಡು, ತಮಗೆ ಯೋಗ್ಯವೆಂದು ತೋರಿದರೆ, ಪ್ರಾಂತ ಸರಕಾರಕ್ಕೆ ವರದಿ ಮಾಡಿ ಅಪ್ಪಣೆಯ ದಾರಿ ನೋಡಬಹುದೆಂದಾಯಿತು. ೧೫ನೆಯ ಕಲಮು ಇಂಥ ಕೆಲಸವನ್ನು ನಿಲ್ಲಿಸಿ ವಾರಂಟನ್ನು ರದ್ದುಮಾಡಿ ಆರೋಪಿಯನ್ನು ಬಿಡುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿದ್ದಿತು. ಅದು ಸರಕಾರದ ದಯೆಯೇ ಹೊರತು ಆರೋಪಿಯ ಹಕ್ಕಲ್ಲ.

ಇಲ್ಲಿಯ ವೈಷಮ್ಯವನ್ನು ವಾಚಕರು ಲಕ್ಷಿಸಬೇಕು. ರಾಯಬಾಗದ ಕೋರ್ಟಿನ ನೂರು ರೂಪಾಯಿಯ ಹುಕುಮನಾಮೆಯು ಚಿಕ್ಕೋಡಿಗೆ ಬಂದರೆ, ಕಾಯದೆಯು ಆರು ಬಾಗಿಲುಗಳಲ್ಲಿ ಅದನ್ನು ತಡೆದು, 'ಎದುರಾಳಿಯನ್ನು ಕೇಳಿದಿರಾ? ನ್ಯಾಯವಾಗಿ ನಡೆಸಿದಿರಾ?' ಎಂದು ವಿಚಾರಿಸುತ್ತಿದ್ದಿತು. ಅದೇ ರಾಯಬಾಗಕ್ಕಾಗಿ ಮನುಷ್ಯನನ್ನೇ ಕೇಳಿ ಕಾಗದ ಬಂದರೆ, ಕೋರ್ಟು ಏನನ್ನೂ ಕೇಳದೆ ಅವನನ್ನು ಒಪ್ಪಿಸಬೇಕಾಗಿದ್ದಿತು. ರೊಕ್ಕಕ್ಕೆ ಇದ್ದ ಕಾವಲು ದೇಹಕ್ಕೆ ಇರಲಿಲ್ಲ.

ಆದರೂ ಒಂದು ಬಾಗಿಲು ತೆರೆದಿದ್ದಿತು. ಅದು ಪ್ರಾಙ್ನ್ಯಾಯದ ಬಾಗಿಲೇ. ೧೮೯೮ರ ಫೌಜದಾರಿ ಪ್ರಕ್ರಿಯಾ ಸಂಹಿತೆಯ ೧೮೮ನೆಯ ಕಲಮಿನಲ್ಲಿ ಖಾಲಸಾ ಪ್ರಜೆಯು ಪರರಾಜ್ಯದಲ್ಲಿ ಮಾಡಿದ ಅಪರಾಧವನ್ನು ಖಾಲಸಾ ಕೋರ್ಟಿನಲ್ಲಿಯೇ ವಿಚಾರಿಸಬಹುದೆಂದು ಹೇಳಿದ್ದಿತು. ಅದಕ್ಕೆ ಪೊಲಿಟಿಕಲ್ ಏಜಂಟರ ದಾಖಲೆಯು ಬೇಕು. ಆ ಕಲಮಿಗೆ ಜೋಡಿಸಿದ ಒಂದು ಉಪನಿಯಮವು ನಮ್ಮ ವಿಷಯಕ್ಕೆ ಪ್ರಾಣವಾಗಿರುವದು. ಹೀಗೆ ನಡೆದ ವಿಚಾರಣೆಯು, ಅಪರಾಧವು ಖಾಲಸಾ ನೆಲದಲ್ಲಿಯೇ ನಡೆದಿದ್ದರೆ ಎರಡನೆಯ ವಿಚಾರಣೆಗೆ ಅಡ್ಡಿಯಾಗುವಂಥದಾಗಿದ್ದರೆ, ಅದೇ ಅಪರಾಧಕ್ಕಾಗಿ ಪ್ರತ್ಯರ್ಪಣ ಕಾಯದೆಯ ಮೇರೆಗೆ ನಡೆಯುವ ಕೆಲಸಕ್ಕೂ ಅಡ್ಡಿಯಾಗತಕ್ಕದ್ದು.

ಒಂದು ಉದಾಹರಣೆಯಿಂದ ಇದು ತಿಳಿಯಾಗುವದು. ಚಿಕ್ಕೋಡಿ ತಾಲೂಕಿನ ಒಬ್ಬ ಒಕ್ಕಲಿಗನು ರಾಯಬಾಗದ ಸಂತೆಯಲ್ಲಿ ಎತ್ತು ಕದ್ದನೆಂಬ ಆರೋಪವು ಬಂದಿತೆಂದು ಭಾವಿಸೋಣ. ಏಜಂಟರ ದಾಖಲೆಯ ಮೇಲಿಂದ ಖಾಲಸಾ ಮ್ಯಾಜಿಸ್ಟ್ರೇಟರು ಸಾಕ್ಷಿಗಳನ್ನು ಕೇಳಿ, ಎತ್ತು ಅವನದೇ ಎಂದು ಅವನನ್ನು ನಿರ್ದೋಷಿಯೆಂದು ಬಿಟ್ಟರು. ತರುವಾಯ ಸಂಸ್ಥಾನದವರು, 'ನಮ್ಮ ನೆಲದ ಅಪರಾಧ. ನಮ್ಮ ಕಡೆಗೆ ಕಳಿಸಿರಿ' ಎಂದು ಕೇಳಿದರೆ ನಡೆಯದು. ಆ ಒಕ್ಕಲಿಗನ ಕೈಯಲ್ಲಿಯ ತೀರ್ಪಿನ ನಕಲೇ ಅವನ ಜಯಪತ್ರ. ಒಂದು ಸಲ ನ್ಯಾಯಸಭೆಯಲ್ಲಿ ನಿಂತು ಉತ್ತರ ಕೊಟ್ಟವನನ್ನು ಅದೇ ಮಾತಿಗೆ ಇನ್ನೊಂದು ಸಭೆಗೆ ಎಳೆಯಲಾಗದು. ಆದರೆ ಈ ನಿಯಮವು ಒಂದೇ ದಿಕ್ಕಿಗೆ ನೋಡುತ್ತಿದ್ದಿತು. ಅದರ ಮಾತುಗಳು ಖಾಲಸಾ ಕೋರ್ಟಿನ ವಿಚಾರಣೆಗೆ ಸೀಮಿತವಾಗಿದ್ದವು; ಸಂಸ್ಥಾನದ ಕೋರ್ಟಿನಲ್ಲಿ ನಿರ್ದೋಷಿಯಾಗಿ ಬಂದವನ ವಿಷಯವನ್ನು ಆ ಕಲಮು ಎತ್ತಿರಲಿಲ್ಲ. ಆಳುವವರ ಜಯಪತ್ರಕ್ಕೆ ಆಳಿಸಿಕೊಳ್ಳುವವರ ಜಯಪತ್ರಕ್ಕಿಂತ ಹೆಚ್ಚು ತೂಕ.

ಹಿಡಿದ ರೀತಿಯೇ ತಪ್ಪಾಗಿದ್ದರೆ ಏನೆಂಬ ಪ್ರಶ್ನೆಯೂ ಆ ಕಾಲದಲ್ಲಿ ಎದ್ದಿತು. ಸಂಸ್ಥಾನಗಳ ನೆಲದ ಮೇಲೆ ಹಾದುಹೋದ ರೈಲುದಾರಿಗಳ ಮಟ್ಟಿಗೆ ಇಂಗ್ಲೀಷರು ಅಧಿಕಾರವನ್ನು ಪಡೆದುಕೊಳ್ಳುತ್ತಿದ್ದರು. ನಿಜಾಮರ ರಾಜ್ಯದ ಒಂದು ರೈಲು ನಿಲ್ದಾಣದಲ್ಲಿ ಮಹಮ್ಮದ ಯೂಸುಫುದ್ದೀನನೆಂಬವನನ್ನು ಶಿಮ್ಲೆಯ ಮ್ಯಾಜಿಸ್ಟ್ರೇಟರ ವಾರಂಟಿನಿಂದ ಹಿಡಿದರು. ಅವನ ಮೇಲಿನ ಆರೋಪಕ್ಕೂ ರೈಲಿಗೂ ಏನೂ ಸಂಬಂಧವಿರಲಿಲ್ಲ. ರೈಲಿನ ಕೆಲಸಕ್ಕಾಗಿ ಕೊಟ್ಟ ಅಧಿಕಾರವು ಅಷ್ಟಕ್ಕೇ ಸಲ್ಲುವದು, ಆದ್ದರಿಂದ ಈ ಬಂಧನವು ಅಕ್ರಮವಾದದ್ದು ಎಂದು ೧೮೯೭ರಲ್ಲಿ ಪ್ರಿವ್ಹಿ ಕೌನ್ಸಿಲು ನಿರ್ಣಯಿಸಿತು. ಇದಕ್ಕೆ ಪ್ರತಿಯಾಗಿ, ೧೯೧೦ನೆಯ ಜುಲೈ ೮ರಂದು ವಿನಾಯಕರಾವ ಸಾವರಕರರು ಮಾರ್ಸೇಲ್ಸ ಬಂದರಿನಲ್ಲಿ ಹಡಗಿನಿಂದ ಹಾರಿ ಫ್ರಾನ್ಸದ ನೆಲವನ್ನು ಮುಟ್ಟಿದಾಗ, ಅವರನ್ನು ಅಲ್ಲಿಯೇ ಹಿಡಿದು ಮರಳಿ ಹಡಗಿಗೆ ಒಪ್ಪಿಸಿದರು. ಫ್ರಾನ್ಸವು ಅವರನ್ನು ತಿರುಗಿ ಕೇಳಿತು. ಹೇಗ್ ಪಟ್ಟಣದ ಪಂಚಾಯಿತಿ ನ್ಯಾಯಾಲಯವು ೧೯೧೧ನೆಯ ಫೆಬ್ರುವರಿ ೨೪ರಂದು, ಹಿಡಿದೊಪ್ಪಿಸಿದ್ದರಲ್ಲಿ ಕ್ರಮ ತಪ್ಪಿದ್ದರೂ ಮರಳಿ ಕೊಡುವ ಹೊಣೆಯು ಇಂಗ್ಲೆಂಡಿಗೆ ಇಲ್ಲವೆಂದು ತೀರ್ಪು ಕೊಟ್ಟಿತು. ಮನುಷ್ಯನ ದೇಹದ ವಿಷಯದಲ್ಲಿ ದೊಡ್ಡ ನ್ಯಾಯಸಭೆಗಳೂ ಒಂದೇ ದಾರಿಯಲ್ಲಿ ನಡೆಯಲಿಲ್ಲವೆಂಬುದಕ್ಕೆ ಇವೆರಡು ಸಾಕ್ಷಿ.

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸೀಮೆಯ ಗಡಿಗಳು ಒಂದೊಂದಾಗಿ ಅಳಿದವು. ೧೯೪೮ನೆಯ ಮಾರ್ಚ ೮ರಂದು ಸಾಂಗಲಿ, ಮಿರಜ, ಜಮಖಂಡಿ, ಕುರುಂದವಾಡ, ಜತ್ತ ಮೊದಲಾದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೪೯ನೆಯ ಮಾರ್ಚ ೧ರಂದು ಕೊಲ್ಹಾಪುರವು ಸೇರಿತು. ಅದರೊಡನೆ ರಾಯಬಾಗವು ತನ್ನ ನೆರೆಹೊರೆಯವರನ್ನು ಕೂಡಿಕೊಂಡು ಬೆಳಗಾವಿ ಜಿಲ್ಹೆಯದಾಯಿತು. ನಿನ್ನೆಯ ವರೆಗೆ ಪರರಾಜ್ಯದವನಾಗಿದ್ದ ಬೀಗನು ಇಂದು ಸ್ವರಾಜ್ಯದವನಾದನು.

ಆದರೆ ಗಡಿಯ ಕಲ್ಲನ್ನು ಕಿತ್ತ ಕೂಡಲೆ ಗಡಿಯ ನೆರಳು ಹೋಗುವದಿಲ್ಲ. ಟೋಂಕ ಸಂಸ್ಥಾನದ ಒಬ್ಬ ಅಧಿಕಾರಿಯು ತನ್ನನ್ನು ಸಂಯುಕ್ತ ಪ್ರಾಂತದಿಂದ ಒಪ್ಪಿಸಕೂಡದೆಂದು ೧೮೬೯ರ ಹಳೆಯ ಕರಾರನ್ನು ಹಿಡಿದು ನಮ್ಮ ಸುಪ್ರೀಂ ಕೋರ್ಟಿನ ವರೆಗೆ ಹೋದನು. ೧೯೫೦ರಲ್ಲಿ ಅವನ ಅಪೀಲು ಬಿದ್ದುಹೋಯಿತು. ಸಂಸ್ಥಾನವೇ ರಾಜಸ್ಥಾನದಲ್ಲಿ ಕರಗಿಹೋದ ಮೇಲೆ ಅದರ ಕರಾರು ಎಲ್ಲಿ ಉಳಿಯಿತೆಂದು ನ್ಯಾಯಮೂರ್ತಿ ಮುಖರ್ಜಿಯವರು ವಿವೇಚಿಸಿದರು.

ಹಣದ ವಿಷಯದಲ್ಲಿ ಮಾತ್ರ ಹಳೆಯ ನಿಯಮವು ಗಟ್ಟಿಯಾಗಿ ನಿಂತಿತು. ಶಿತೋಳೆ ಎಂಬ ಹೆಸರು ನಮ್ಮ ಸೀಮೆಗೆ ಹೊಸದಲ್ಲ. ವರುಷಕ್ಕೊಮ್ಮೆ ಆಳಂದಿಯ ಜ್ಞಾನೇಶ್ವರರ ಪಾಲಕಿಗೆ ಕುದುರೆಗಳು ಹೊರಡುವದು ಚಿಕ್ಕೋಡಿ ತಾಲೂಕಿನ ಅಂಕಲಿಯ ಶಿತೋಳೆ ಸರದಾರರ ವಾಡೆಯಿಂದಲೇ. ಅದೇ ಉಪನಾಮದ ಗ್ವಾಲಿಯರದ ಸರದಾರರೊಬ್ಬರು ೧೯೪೭ರಲ್ಲಿ ಅಲ್ಲಿಯ ಕೋರ್ಟಿನಲ್ಲಿ, ಸಂಯುಕ್ತ ಪ್ರಾಂತದಲ್ಲಿ ವಾಸವಾಗಿದ್ದವರ ಮೇಲೆ ದಾವೆ ಹೂಡಿದರು. ಅವರು ಆ ಕೋರ್ಟಿಗೆ ಒಳಪಡಲಿಲ್ಲ. ೧೯೪೮ರಲ್ಲಿ ಏಕಪಕ್ಷೀಯ ಹುಕುಮನಾಮೆಯಾಯಿತು. ಗಣರಾಜ್ಯವಾದ ಮೇಲೆ ಅದನ್ನು ಅಲಹಾಬಾದದಲ್ಲಿ ಅಮಲಿಗೆ ತಂದರು. ಈಗ ದೇಶವೆಲ್ಲ ಒಂದೇ ಅಲ್ಲವೆ ಎಂಬುದು ಅವರ ವಾದ. ೧೯೬೨ರಲ್ಲಿ ಸುಪ್ರೀಂ ಕೋರ್ಟಿನ ಬಹುಮತವು ಅದನ್ನು ಒಪ್ಪಲಿಲ್ಲ. ಹುಟ್ಟಿದಾಗ ಗಡಿಯಾಚೆಗೆ ಶೂನ್ಯವಾಗಿದ್ದ ತೀರ್ಪು ಗಡಿಯು ಅಳಿದ ಮಾತ್ರಕ್ಕೆ ಜೀವ ತಳೆಯದು. ಫರೀದಕೋಟದ ಸೂತ್ರವೇ ಮತ್ತೆ ಗೆದ್ದಿತು.

ನಮ್ಮ ಜಿಲ್ಹೆಗೆ ತಾಗಿದ ಗೋವೆಯಲ್ಲಿ ಇದರ ಇನ್ನೊಂದು ಮಗ್ಗಲು ಕಾಣುವದು. ಗೋವೆಯು ಪೋರ್ತುಗೀಜರ ಕೈಯಲ್ಲಿದ್ದಾಗ ಅಲ್ಲಿಯವನೊಬ್ಬನ ಮೇಲೆ ಮುಂಬಯಿ ಹೈಕೋರ್ಟಿನಲ್ಲಿ ಹುಕುಮನಾಮೆಯಾಗಿದ್ದಿತು. ೧೯೬೧ರಲ್ಲಿ ಗೋವೆಯು ಬಿಡುಗಡೆ ಹೊಂದಿ, ತರುವಾಯ ನಮ್ಮ ದಿವಾಣಿ ಸಂಹಿತೆಯು ಅಲ್ಲಿಗೆ ಹಬ್ಬಿತು. ಆ ಹುಕುಮನಾಮೆಯನ್ನು ಪಣಜಿಯಲ್ಲಿ ಅಮಲು ಮಾಡಬಹುದೆಂದು ಸುಪ್ರೀಂ ಕೋರ್ಟು ೧೯೭೬ರಲ್ಲಿ ಹೇಳಿತು. ಗ್ವಾಲಿಯರದ ವ್ಯಾಜ್ಯಕ್ಕೂ ಇದಕ್ಕೂ ಭೇದವೇನು? ಇಲ್ಲಿಯ ಪ್ರತಿವಾದಿಯು ಮುಂಬಯಿಯ ಕೋರ್ಟಿನ ಅಧಿಕಾರಕ್ಕೆ ತಾನಾಗಿ ಒಳಪಟ್ಟಿದ್ದನು; ಅಲ್ಲಿಯವರು ಒಳಪಟ್ಟಿರಲಿಲ್ಲ.

೧೯೫೬ನೆಯ ನವ್ಹೆಂಬರ ೧ರಿಂದ ನಮ್ಮ ತಾಲೂಕುಗಳ ಪಶ್ಚಿಮಕ್ಕೂ ಉತ್ತರಕ್ಕೂ ಮತ್ತೊಂದು ಗೆರೆಯು ಬಿದ್ದಿರುವದು. ಆ ಗೆರೆಯ ಬಗ್ಗೆ ಎರಡೂ ಕಡೆಯ ಜನರ ಮನಸ್ಸು ಇನ್ನೂ ಪೂರ್ತಿಯಾಗಿ ತಣ್ಣಗಾಗಿಲ್ಲ. ಆದರೆ ನ್ಯಾಯದ ಮಟ್ಟಿಗೆ ಅದು ಗಡಿಯೇ ಅಲ್ಲ. ಕೊಲ್ಹಾಪುರದ ಕೋರ್ಟಿನ ಹುಕುಮನಾಮೆಯು ಸಾದಾ ವರ್ಗಾವಣೆಯಿಂದ ಚಿಕ್ಕೋಡಿಗೆ ಬರುವದು. ನಿಪ್ಪಾಣಿಯಲ್ಲಿ ನಿರ್ದೋಷಿಯಾದವನು ಕಾಗಲಿನಲ್ಲಿಯೂ ನಿರ್ದೋಷಿ. ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷೆಯಿಲ್ಲವೆಂಬ ಮಾತು ನಮ್ಮ ಸಂವಿಧಾನದ ೨೦ನೆಯ ಅನುಚ್ಛೇದದಲ್ಲಿ ಬರೆದಿರುವದು. ಹಳೆಯ ೧೮೮ನೆಯ ಕಲಮಿನ ವಿಷಯವು ೨೦೨೪ನೆಯ ಜುಲೈ ೧ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ೨೦೮ನೆಯದಾಗಿ ನಿಂತಿರುವದು. ಪರದೇಶಗಳಿಗೆ ಮನುಷ್ಯರನ್ನು ಒಪ್ಪಿಸುವದಕ್ಕೆ ೧೯೬೨ರ ಕಾಯದೆಯಿರುವದು. ಅದರಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ವಿಚಾರಣೆಯು ನಡೆಯಬೇಕು. ನ್ಯಾಯದೃಷ್ಟಿಯಿಂದ ಒಪ್ಪಿಸುವದು ಯೋಗ್ಯವಲ್ಲವೆಂದು ಕಂಡರೆ ಕೇಂದ್ರ ಸರಕಾರವು ೨೯ನೆಯ ಕಲಮಿನ ಮೇರೆಗೆ ವಾರಂಟನ್ನು ರದ್ದುಮಾಡಿ ಆರೋಪಿಯನ್ನು ಬಿಡಬಹುದು.

ಈಗ ಗಡಿಯು ಕೃಷ್ಣೆಯ ದಂಡೆಯಿಂದ ಸರಿದು ಸಮುದ್ರದಾಚೆಗೆ ಹೋಗಿರುವದು. ನಮ್ಮ ಮನೆಗಳ ಮಕ್ಕಳು ದುಬಾಯಿಯಲ್ಲಿ, ಸಿಂಗಾಪುರದಲ್ಲಿ, ಅಮೇರಿಕೆಯಲ್ಲಿ ಇರುವರು. ಇಂಗ್ಲಂಡ, ಸಿಂಗಾಪುರ, ೨೦೨೦ರಿಂದ ಸಂಯುಕ್ತ ಅರಬ ಸಂಸ್ಥಾನಗಳು, ಇವುಗಳ ಮೇಲಿನ ಕೋರ್ಟುಗಳ ಹಣದ ಹುಕುಮನಾಮೆಗಳನ್ನು ೪೪ಅ ಕಲಮಿನ ಮೇರೆಗೆ ಇಲ್ಲಿ ನೇರವಾಗಿ ಅಮಲು ಮಾಡಬಹುದು. ಅಮೇರಿಕೆಯದಾದರೆ, ಹಿಂದೆ ರಾಯಬಾಗದ್ದಕ್ಕೆ ಮಾಡಿದಂತೆ, ಹೊಸ ದಾವೆಯನ್ನೇ ಹೂಡಬೇಕು. ಯಾವ ದಾರಿಯಿಂದ ಬಂದರೂ ೧೩ನೆಯ ಕಲಮಿನ ಆರು ಬಾಗಿಲುಗಳು ತಪ್ಪವು. ತಿರುಪತಿಯಲ್ಲಿ ಮದುವೆಯಾದ ದಂಪತಿಗಳಿಗೆ ಅಮೇರಿಕೆಯ ಮಿಸೂರಿ ಸೀಮೆಯ ಕೋರ್ಟು ಕೊಟ್ಟ ವಿಚ್ಛೇದನವನ್ನು ೧೯೯೧ರಲ್ಲಿ ಸುಪ್ರೀಂ ಕೋರ್ಟು ಇಲ್ಲಿ ಮಾನ್ಯ ಮಾಡಲಿಲ್ಲ. ಕಾಗದವು ತನ್ನ ಕೈಯಲ್ಲಿರುವದೆಂದು ನಂಬಿ ಮರುಮದುವೆಗೆ ಹೊರಟವನು ಇಲ್ಲಿ ಆರೋಪಿಯಾಗುವ ಭಯವ‌ುಂಟು. ಹಿರಿಯರು ಇದನ್ನು ಮಕ್ಕಳಿಗೆ ಮೊದಲೇ ತಿಳಿಸುವದು ಲೇಸು.

ಈ ಎಲ್ಲ ಸಂಗತಿಗಳಿಂದ ಹೊರಡುವ ತತ್ವವು ಒಂದೇ. ಜಯಪತ್ರವು ಗಡಿ ದಾಟುವದು ಅರಸನ ಮುದ್ರೆಯ ಬಲದಿಂದಲ್ಲ, ಎದುರಾಳಿಯ ಮಾತನ್ನು ಕೇಳಿ ಕೊಟ್ಟುದೆಂಬ ಬಲದಿಂದ. ಕೇಳಿ ಕೊಟ್ಟ ತೀರ್ಪು ರಾಜ್ಯಗಳು ಅಳಿದ ಮೇಲೂ ನಿಲ್ಲುವದು. ಕೇಳದೆ ಕೊಟ್ಟದ್ದು ರಾಜ್ಯಗಳು ಒಂದಾದರೂ ನಿಲ್ಲಲಾರದು. ನಮ್ಮ ಹಿರಿಯರು ಪ್ರಾಙ್ನ್ಯಾಯವನ್ನು ಸಾಧಿಸುವ ಭಾರವನ್ನು ಅದನ್ನು ಹೇಳುವವನ ಮೇಲೆ ಹೊರಿಸಿದ್ದರಲ್ಲಿಯೂ ಇದೇ ಅಭಿಪ್ರಾಯವು ಅಡಗಿರುವಂತೆ ತೋರುವದು.

ಕೊನೆಗೆ ಒಂದು ವಿನಂತಿ. ರಾಯಬಾಗ, ಕಾಗವಾಡ ಭಾಗಗಳ ಹಳೆಯ ಮನೆಗಳ ಅಟ್ಟಗಳ ಮೇಲೆ ಸಂಸ್ಥಾನ ಕಾಲದ ಮೋಡಿ ಕಾಗದಗಳು ಗಂಟುಗಂಟಾಗಿ ಬಿದ್ದಿರಬಹುದು. ಓದಲು ಬಾರದೆಂದು ಅವುಗಳನ್ನು ರದ್ದಿಗೆ ಹಾಕಬಾರದು. ಅವುಗಳಲ್ಲಿ ಯಾವನೋ ಒಬ್ಬ ಒಕ್ಕಲಿಗನ ಜಯಪತ್ರವೂ ಇರಬಹುದು. ಮೋಡಿ ಬಲ್ಲವರು ನಮ್ಮ ನಡುವೆ ಇನ್ನೂ ಕೆಲವರು ಇರುವರು. ಅವರಿರುವಾಗಲೇ ಅವುಗಳನ್ನು ಓದಿಸಿ, ಪಟ್ಟಿ ಮಾಡಿ, ಸಂಘಕ್ಕೆ ತಿಳಿಸಿದರೆ ಈ ಸೀಮೆಯ ಇತಿಹಾಸಕ್ಕೆ ದೊಡ್ಡ ಉಪಕಾರವಾಗುವದು.